ಕೆಂಪು ಕಲೆಯ ಮೇಲೆ ಹಸಿರು ಸೀಸೆ

ಸುಬ್ಬಕೃಷ್ಣರು ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದವರು. ದರೋಡೆಕೋರರ ಬೆನ್ನಟ್ಟಿ ಹುತ್ರಿದುರ್ಗದ ಬಂಡೆಗಳ ಸಂದಿಯಲ್ಲಿ ಹಗಲಿರುಳು ಕಾದವರು, ಸರ್ಕಾರದ ಪದಕವನ್ನೂ ಪಡೆದವರು. ಆದರೆ ತಾವು ನಿಜವಾಗಿ ಬೆವರು ಸುರಿಸಿ ಗೆದ್ದ ಮೊಕದ್ದಮೆ ಒಂದೇ ಒಂದು ಎಂದು ಅವರು ಹೇಳುತ್ತಿದ್ದರು. ಅದು ಗುಬ್ಬಿಯ ಔಷಧದ ಕಪಾಟಿನದು. ಅದರಲ್ಲಿ ಅವರು ಗೆಲ್ಲಬೇಕಾಗಿ ಬಂದದ್ದು ಅಪರಾಧಿಯನ್ನು ಮಾತ್ರವಲ್ಲ, ತಮ್ಮದೇ ಸಂಶಯವನ್ನು.

೧೯೬೮ರ ಒಂದು ಸಂಜೆ ತುಮಕೂರಿನ ಅವರ ಮನೆಯ ಜಗುಲಿಗೆ ಹಳೆಯ ದಫೇದಾರ್ ಬೀರಯ್ಯ ತನ್ನ ಮಗನನ್ನು ಕರೆದುಕೊಂಡು ಬಂದ. ಹುಡುಗನ ಹೆಸರು ಬೀರಲಿಂಗ. ರೈಲ್ವೆ ಕೆಲಸಕ್ಕೆಂದು ಹೋಗಿ, ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ತಿರಸ್ಕೃತನಾಗಿ ಬಂದಿದ್ದ. ಬಂದಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ನಾನ್ ಹೇಳಿದ್ರೆ ಕೇಳಾಕಿಲ್ಲ ಸ್ವಾಮಿ. ಆ ನರಸಯ್ಯನ ಕತೆ ನೀವೇ ಒಂದ್ಸಲ ಹೇಳ್ಬುಡಿ," ಎಂದ ಬೀರಯ್ಯ.

ಸುಬ್ಬಕೃಷ್ಣರು ನಶ್ಯದ ಡಬ್ಬಿ ಮುಚ್ಚಿಟ್ಟು ಹೇಳತೊಡಗಿದರು.

೧೯೫೯ನೆಯ ಇಸವಿ, ನವೆಂಬರ್ ಹದಿನೇಳು. ಗುಬ್ಬಿಯಲ್ಲಿ ಸಂತೆ ಕಳೆದ ಮರುದಿನ. ಸುಬ್ಬಕೃಷ್ಣರು ಆಗ ಅಲ್ಲಿನ ಇನ್‌ಸ್ಪೆಕ್ಟರು, ಬೀರಯ್ಯ ಅವರ ಠಾಣೆಯ ದಫೇದಾರ. ಬೆಳಿಗ್ಗೆ ಏಳು ಗಂಟೆಗೆ ಒಬ್ಬ ರೈತ ಠಾಣೆಯ ಮೆಟ್ಟಿಲೇರಿ ಬಂದ. ಅವನ ತೋಳಿನ ಮೇಲೆಲ್ಲ ಹಸಿರು ಕಲೆ.

"ನಮ್ಮವ್ವಂಗೆ ವಿಷ ಹಾಕವ್ನೆ ಸ್ವಾಮಿ, ಆ ಕಾಂಪೌಂಡರ್ ನರಸಯ್ಯ."

"ಎಲ್ಲಿದಾರೆ ನಿಮ್ಮ ತಾಯಿ?"

"ರಾತ್ರಿನೇ ತುಮಕೂರ್ ಆಸ್ಪತ್ರೆಗೆ ಹಾಕಿವ್ನಿ. ಮಾತಿಲ್ಲ, ಕತೆಯಿಲ್ಲ. ಕಕ್ಕಿದ್ದೆಲ್ಲ ಹಸುರು. ಇಲ್ನೋಡಿ, ಎತ್ಕೊಂಡೋದ ಕೈ."

ಅವನ ತಾಯಿ ಪುಟ್ಟತಾಯಮ್ಮ ಸಂತೆಗೆ ಬಂದವಳು, ಹೊಟ್ಟೆನೋವೆಂದು ಮಧ್ಯಾಹ್ನದ ಮೇಲೆ ಊರಿನ ಧರ್ಮಾಸ್ಪತ್ರೆಯಲ್ಲಿ ಔಷಧ ಪಡೆದಿದ್ದಳು. ಅಲ್ಲಿ ಔಷಧಕ್ಕೆ ಸೀಸೆಯನ್ನು ರೋಗಿಗಳೇ ತರಬೇಕು. ಆಕೆ ಒಯ್ದದ್ದು ಕಂದು ಗಾಜಿನ ಹಳೆಯ ಸೀಸೆ. ಒಳಗೆ ಬಿದ್ದ ಔಷಧದ ಬಣ್ಣವೇನೆಂದು ಆಕೆಗೂ ಕಾಣಲಿಲ್ಲ, ಮನೆಯವರಿಗೂ ಕಾಣಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೀಸೆಯನ್ನೇ ಬಾಯಿಗೆತ್ತಿ ಕುಡಿದಿದ್ದಳು.

"ನರಸಯ್ಯನಿಗೆ ನಿಮ್ಮ ಮೇಲೆ ದ್ವೇಷ ಏನು?"

"ಬಾವಿ ವ್ಯಾಜ್ಯ ಸ್ವಾಮಿ. ಅವ್ರ ಹೊಲಕ್ಕೂ ನಮ್ಮ ಹೊಲಕ್ಕೂ ಒಂದೇ ಬಾವಿ. ಹೋದ್ ವರ್ಷ ನಮ್ಮವ್ವ ಸಂತೇಲೇ ಅವನ ಮಾನ ಕಳೆದಿದ್ಲು."

ದೂರನ್ನು ಬರೆದುಕೊಂಡು ಪೀನಲ್ ಕೋಡಿನ ೩೨೮ನೇ ಕಲಮಿನ ಮೇರೆಗೆ ಎಫ್.ಐ.ಆರ್. ದಾಖಲಿಸಲಾಯಿತು. ಒಂಬತ್ತು ಗಂಟೆಗೆ ಸುಬ್ಬಕೃಷ್ಣರು ಬೀರಯ್ಯನೊಡನೆ, ಇಬ್ಬರು ಪಂಚರನ್ನು ಕರೆದುಕೊಂಡು, ಧರ್ಮಾಸ್ಪತ್ರೆಗೆ ಹೋದರು.

ಅಲ್ಲಿನ ಡಾಕ್ಟರು ತುಮಕೂರಿನಿಂದ ಬೆಳಿಗ್ಗೆ ಬಂದು, ರೋಗಿಗಳನ್ನು ನೋಡಿ, ಮಧ್ಯಾಹ್ನದ ರೈಲಿಗೆ ಹಿಂತಿರುಗುವವರು. ಆಮೇಲೆ ಔಷಧ ಅಳೆದು ಕೊಡುವುದೆಲ್ಲ ನರಸಯ್ಯನದೇ. ಕಪಾಟಿನ ಹಲಗೆಯ ಮೇಲೆ ಬಿಳಿ ಗಾಜಿನ ದೊಡ್ಡ ಸೀಸೆಗಳು ಸಾಲಾಗಿ ನಿಂತಿದ್ದವು. ಮೇಲೆ ಅಂಟಿಸಿದ ಚೀಟಿಗಳು ಔಷಧ ಸೋರಿ ಸೋರಿ ಅಳಿಸಿಹೋಗಿದ್ದವು. ಎಡತುದಿಯಲ್ಲಿ ಗಾಯ ತೊಳೆಯುವ ಹಸಿರು ದ್ರಾವಣ. ಬಲತುದಿಯಲ್ಲಿ ಹೊಟ್ಟೆನೋವಿಗೆ ಕೊಡುವ, ಸಕ್ಕರೆ ಪಾಕ ಬೆರೆಸಿದ ಕೆಂಪು ಔಷಧ. ಒಂದು ಎಲೆಯ ಬಣ್ಣ, ಇನ್ನೊಂದು ದಾಸವಾಳದ ಬಣ್ಣ. ಕಣ್ಣಿದ್ದವನು ತಪ್ಪುವಂತೆಯೇ ಇರಲಿಲ್ಲ.

ಸುಬ್ಬಕೃಷ್ಣರು ಹಸಿರು ಸೀಸೆಯನ್ನು ಎತ್ತಿದರು. ಅದರಡಿ ಹಲಗೆಯ ಮೇಲೆ ಬಳೆಯಷ್ಟು ದುಂಡನೆಯ ಕಲೆಯಿತ್ತು. ಕಲೆ ಕೆಂಪು. ಕೆಂಪು ಸೀಸೆಯನ್ನು ಎತ್ತಿದರು. ಅದರಡಿಯ ಕಲೆ ಹಸಿರು.

"ಬರ್ಕೋ ಬೀರಯ್ಯ. ವರ್ಷಗಟ್ಟಲೆ ಸೋರಿ ಹಲಗೆಗೆ ಇಳಿದಿರೋ ಕಲೆ ಇದು. ಕೆಂಪು ಕಲೆಯ ಮೇಲೆ ಹಸಿರು ಸೀಸೆ, ಹಸಿರು ಕಲೆಯ ಮೇಲೆ ಕೆಂಪು ಸೀಸೆ. ಯಾರೋ ಇವನ್ನ ಅದಲುಬದಲು ಮಾಡಿದಾರೆ."

"ಇನ್ಯಾರ್ ಮಾಡ್ತಾರೆ ಸ್ವಾಮಿ? ಅವನೇ ಮಾಡವ್ನೆ. ಸಿಕ್ಕಾಕೊಂಡ್ರೆ ಕೈತಪ್ಪಾಯ್ತು ಅನ್ನಾಕೆ."

ಇನ್‌ಸ್ಪೆಕ್ಟರ ಮನಸ್ಸಿನಲ್ಲೂ ಇದ್ದುದು ಅದೇ ಮಾತು. ಪಂಚನಾಮೆಗೆ ರುಜು ಹಾಕಿಸಿ, ಸೀಸೆಗಳಿಗೆ ಅರಗಿನ ಮೊಹರು ಒತ್ತಿಸಿ, ನರಸಯ್ಯನನ್ನು ಠಾಣೆಗೆ ಕರೆಸಿದರು.

ನರಸಯ್ಯ ನಲವತ್ತೈದು ದಾಟಿದ ಸಣಕಲು ಮನುಷ್ಯ. ಗುಂಡಿ ಹಾಕಿದ ಕೋಟು, ತಲೆಗೆ ಕರಿ ಟೋಪಿ.

"ಸಂತೆ ದಿನ ಪುಟ್ಟತಾಯಮ್ಮನಿಗೆ ಏನು ಕೊಟ್ಟಿರಿ?"

"ಹೊಟ್ಟೆನೋವಿನ ಔಷಧ ಸ್ವಾಮಿ. ಬಲತುದಿ ಸೀಸೆಯಿಂದ... ಅಲ್ಲ, ಎಡತುದಿ. ಎಡತುದಿಯಿಂದ."

"ಆ ಸೀಸೆಯೊಳಗೆ ಇದ್ದದ್ದು ಹಸಿರು."

ನರಸಯ್ಯ ಟೋಪಿಯನ್ನು ಸರಿಪಡಿಸಿಕೊಂಡ.

"ಬಣ್ಣ ನೋಡಲಿಲ್ಲವೇ?"

"ಇಪ್ಪತ್ತು ವರ್ಷದ ಕೈ ಅಭ್ಯಾಸ ಸ್ವಾಮಿ. ಕುಡಿಯೋದು ಎಡಕ್ಕೆ, ಹಚ್ಚೋದು ಬಲಕ್ಕೆ. ನೋಡೋದೇನಿದೆ?"

"ಮಧ್ಯಾಹ್ನ ಕಪಾಟಿನ ಹತ್ತಿರ ಯಾರು ಬಂದಿದ್ದರು?"

"ಯಾರೂ ಇಲ್ಲ. ಆ ಕಪಾಟು ಮುಟ್ಟೋಕೆ ನಾನು ಯಾರನ್ನೂ ಬಿಡಲ್ಲ. ಗುಡಿಸೋ ಹೆಂಗಸನ್ನೂ ಬಿಡಲ್ಲ."

ಹಾಗಾದರೆ ಬದಲಿಸಿದವನು ನೀನೇ ಎಂದಾಯಿತಲ್ಲ ಎಂದು ಸುಬ್ಬಕೃಷ್ಣರು ಹೇಳುವಷ್ಟರಲ್ಲಿ, ಬಾಗಿಲಲ್ಲಿ ಕಾವಲಿದ್ದ ಪೇದೆ ಅಡವಿಯಪ್ಪ ಕೆಮ್ಮಿದ. ಅವನ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನೋ ಅದು?"

"ಸಂತೇಲಿ ಗಾಡಿ ಚಕ್ರ ಹತ್ತಿತ್ತು ಸ್ವಾಮಿ. ಊಟದ ಹೊತ್ತು ಕಳೆದ್ಮೇಲೆ ಹೋಗಿ ಇವ್ರತ್ರಾನೇ ಔಷಧಿ ಹಾಕಿಸ್ಕೊಂಡೆ. ಏನ್ ಔಷಧೀನೋ ಏನೋ, ರಾತ್ರಿಯೆಲ್ಲ ಕಾಲಿಗೆ ಇರುವೆ ಮುತ್ಕೊಂಡ್ ಸಾಯಿಸ್ಬುಟ್ವು."

"ನಿನ್ ಕಾಲಂತೂ ಸಿಹಿ ಅಲ್ಲ ಕಣ್ಲಾ," ಎಂದ ಬೀರಯ್ಯ.

ಸುಬ್ಬಕೃಷ್ಣರು ನಗಲಿಲ್ಲ. ಬಟ್ಟೆ ಬಿಚ್ಚಿಸಿದರು. ಬಟ್ಟೆಯ ಒಳಮೈ ಅಂಟಂಟಾಗಿ ಕೆಂಪಗಿತ್ತು. ಮೂಸಿದರೆ ಏಲಕ್ಕಿಯ ಘಮ. ಅದು ಗಾಯದ ರಕ್ತವಲ್ಲ, ಹೊಟ್ಟೆನೋವಿನ ಪಾಕ.

ವೈರವಿದ್ದ ಮುದುಕಿಗೆ ಹಸಿರು ಕುಡಿಸಿದ್ದು ದ್ವೇಷದಿಂದ ಎನ್ನಬಹುದು. ಅಡವಿಯಪ್ಪನ ಹೆಬ್ಬೆರಳಿಗೆ ಪಾಕ ಸವರಿದ್ದು ಯಾವ ದ್ವೇಷದಿಂದ? ಸಂತೆಯ ದಿನ ಬೆಳಿಗ್ಗೆ ಅದೇ ಕಪಾಟಿನಿಂದ ಔಷಧ ಪಡೆದವರನ್ನು ಹುಡುಕಿ ವಿಚಾರಿಸಿದರು. ಅವರೆಲ್ಲರಿಗೂ ಸರಿಯಾದದ್ದೇ ಸಿಕ್ಕಿತ್ತು. ಸೀಸೆಗಳು ಜಾಗ ಬದಲಿಸಿದ್ದು ಊಟದ ಹೊತ್ತಿನಲ್ಲಿ.

ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆ ಗುಡಿಸುವ ಸಿದ್ದಗಂಗಮ್ಮ ಠಾಣೆಯ ಜಗುಲಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂರಲು ಹೇಳಿದರೂ ಕೂರದೆ ನಿಂತಳು.

"ಯಾರೂ ಬರ್ಲಿಲ್ಲ ಅಂದ್ರಾ? ಅವ್ರ ಭಾವ ಬಂದಿದ್ರಲ್ಲ ಬುದ್ಧಿ, ಕುಣಿಗಲ್ ರಾಮಾಂಜಿನಯ್ಯ. ಬಳೆ ಅಂಗಡಿಯೋರು. ಸಂತೆಗೆ ಬಳೆ ತಂದಿದ್ರು."

"ಏನು ಮಾತಾಡಿದರು?"

"ಹೆಣ್ಣಿನ ಮಾತು. ನಿನ್ ಮಗಳ್ನ ನನ್ ಮಗಂಗೆ ಕೊಡು ಅಂತ ಅವ್ರು. ಕಣ್ಣು ಸರಿಯಿಲ್ದೋನಿಗೆ ಕೊಡಾಕಿಲ್ಲ ಅಂತ ಇವ್ರು. ಆಮೇಲೆ ಇವ್ರು ಕೋಪ ಮಾಡ್ಕೊಂಡು ಊಟಕ್ಕೋದ್ರು."

"ರಾಮಾಂಜಿನಯ್ಯ?"

"ಅಲ್ಲೇ ಕುಂತಿದ್ರು. ನಾನು ಹಿತ್ಲಾಗೆ ಪಾತ್ರೆ ಬೆಳಗ್ತಾ ಇದ್ದೆ."

ಸುಬ್ಬಕೃಷ್ಣರು ಒಳಗೆ ಬಂದು ಕುರ್ಚಿಯಲ್ಲಿ ಕುಳಿತರು. ಸುಳ್ಳು ಹೇಳಿದವನು ಎದುರಿಗಿದ್ದ. ಭಾವನನ್ನು ಮುಚ್ಚಿಟ್ಟದ್ದೇಕೆ? ಇಬ್ಬರೂ ಸೇರಿ ಮಾಡಿದ ಕೆಲಸವೇ? ಹೇಳಿಕೆಯಲ್ಲಿ ಒಂದು ಸಾಲಿನಡಿ ಗೀಟು ಹಾಕಬೇಕಾಗಿ ಬಂದು, ಬರೆಯುತ್ತಲೇ ಹೇಳಿದರು:

"ಆ ಕೆಂಪು ಶಾಯಿ ಇತ್ತ ತಳ್ಳಿ."

ಮೇಜಿನ ಮೇಲೆ ಎರಡು ದವಾತುಗಳಿದ್ದವು, ಕೆಂಪು ಮತ್ತು ಹಸಿರು. ನರಸಯ್ಯನ ಕೈ ಒಂದರ ಮೇಲೆ ಸುಳಿಯಿತು, ಇನ್ನೊಂದರ ಮೇಲೆ ಸುಳಿಯಿತು. ಇನ್‌ಸ್ಪೆಕ್ಟರ ಮುಖ ನೋಡಿತು ಅವನ ಕಣ್ಣು, ದವಾತನ್ನಲ್ಲ. ಕಡೆಗೆ ಹಸಿರನ್ನು ತಳ್ಳಿದ.

ಲೇಖನಿ ನಿಂತಿತು.

"ನರಸಯ್ಯ, ಇದು ಯಾವ ಬಣ್ಣ?"

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕೈ ಮುಗಿದ.

"ಸ್ವಾಮಿ, ಬೇಕಾದ್ರೆ ಜೈಲಿಗೆ ಹಾಕಿ. ಇದನ್ನ ಮಾತ್ರ ಕಾಗದದ ಮೇಲೆ ಬರೀಬೇಡಿ. ನನ್ನ ಹೆಂಡತಿಗೂ ಗೊತ್ತಿಲ್ಲ. ಗೊತ್ತಾದ್ರೆ ಕೆಲಸ ಹೋಗುತ್ತೆ. ಕಣ್ಣಿಲ್ಲದವನ ಮಗಳು ಅಂತ ನನ್ನ ಹುಡುಗೀನ ಯಾರೂ ತರೋದಿಲ್ಲ."

ಆ ಮಾತು ಕೇಳಿ ಬೀರಯ್ಯನ ಮುಖ ಮೆತ್ತಗಾಯಿತು. ಸುಬ್ಬಕೃಷ್ಣರದು ಆಗಲಿಲ್ಲ. ಸಿಕ್ಕಿಬಿದ್ದವನಿಗೆ ಇದಕ್ಕಿಂತ ಅನುಕೂಲವಾದ ನೆಪ ಯಾವುದಿದೆ? ಬಣ್ಣ ಕಾಣದು ಎಂದು ಯಾರು ಬೇಕಾದರೂ ಹೇಳಬಹುದು. ಅವನ ಕಣ್ಣೊಳಗೆ ಇಳಿದು ನೋಡುವವರು ಯಾರು?

ಮರುದಿನ ನರಸಯ್ಯನನ್ನು ತುಮಕೂರಿಗೆ ಕರೆದೊಯ್ದರು. ಕಣ್ಣಿನ ಡಾಕ್ಟರ್ ಸೀತಾರಾಮಯ್ಯನವರು ಸಂಗತಿಯನ್ನು ಕೇಳಿ, ಬೀರುವಿನಿಂದ ಒಂದು ಪುಸ್ತಕ ತೆಗೆದರು. ಪುಟಪುಟವೂ ಬಣ್ಣಬಣ್ಣದ ಚುಕ್ಕೆ. ಚುಕ್ಕೆಗಳ ನಡುವೆ, ಬೇರೆ ಬಣ್ಣದ ಚುಕ್ಕೆಗಳಿಂದಲೇ ಮೂಡಿದ ಅಂಕಿ. ಡಾಕ್ಟರು ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಸಿದರು.

"ಇದು?"

"ಹನ್ನೆರಡು."

"ಇದು ಎಲ್ಲರಿಗೂ ಕಾಣುತ್ತೆ. ಇದು ಕಾಣಲ್ಲ ಅಂದವನು ಕಳ್ಳ," ಎಂದು ಡಾಕ್ಟರು ಇನ್‌ಸ್ಪೆಕ್ಟರಿಗೆ ಹೇಳಿ ಪುಟ ತಿರುವಿದರು. "ಇದು?"

"ಮೂರು."

ಸುಬ್ಬಕೃಷ್ಣರಿಗೆ ಕಂಡದ್ದು ಸ್ಪಷ್ಟವಾದ ಎಂಟು. ಮುಂದಿನ ಪುಟಗಳಲ್ಲಿ ನರಸಯ್ಯ ಒಮ್ಮೆ ತಪ್ಪು ಹೇಳಿದ, ಒಮ್ಮೆ ಏನೂ ಇಲ್ಲವೆಂದ. ಇನ್‌ಸ್ಪೆಕ್ಟರು ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟಿದರು: "ಬೇಕಂತಲೇ ಹೇಳ್ತಿರಬಹುದಲ್ಲ?"

"ಇರಬಹುದು. ಅದಕ್ಕೇ ಈ ಪುಟ ಇದೆ." ಡಾಕ್ಟರು ಇನ್ನೊಂದು ಪುಟ ತೆರೆದು ಮೊದಲು ಇನ್‌ಸ್ಪೆಕ್ಟರಿಗೆ ಹಿಡಿದರು. "ನಿಮಗೇನು ಕಾಣುತ್ತೆ?"

ಸುಬ್ಬಕೃಷ್ಣರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಚುಕ್ಕೆಗಳಲ್ಲದೆ ಏನೂ ಇರಲಿಲ್ಲ.

"ಬೀರಯ್ಯ, ನಿನಗೆ?"

"ರಾಗಿ ಚೆಲ್ಲಿದಂಗೈತೆ ಸ್ವಾಮಿ. ಇನ್ನೇನೂ ಕಾಣಾಕಿಲ್ಲ."

ಪುಸ್ತಕ ನರಸಯ್ಯನ ಕಡೆ ತಿರುಗಿತು. ಅವನು ಒಂದು ಕ್ಷಣವೂ ತಡೆಯಲಿಲ್ಲ.

"ಐದು."

ಡಾಕ್ಟರು ಪುಸ್ತಕದ ಕೊನೆಯ ಹಾಳೆಯನ್ನು ತೆರೆದು ತೋರಿಸಿದರು. ಐದೇ.

"ನೋಡಿ ಇನ್‌ಸ್ಪೆಕ್ಟರೇ. ನಮ್ಮ ಕಣ್ಣಿಗೆ ಕೆಂಪು ಹಸಿರಿನ ಗದ್ದಲವೇ ಅಡ್ಡ ಬಂದು ಆ ಐದು ಮುಚ್ಚಿಹೋಗುತ್ತೆ. ಇವರಿಗೆ ಆ ಗದ್ದಲ ಇಲ್ಲ. ಕಾಣೋದನ್ನ ಕಾಣಲ್ಲ ಅಂತ ಸುಳ್ಳು ಹೇಳಬಹುದು. ನಿಮಗೂ ನನಗೂ ಕಾಣದ್ದನ್ನ ಯಾವ ಸುಳ್ಳುಗಾರ ಓದ್ತಾನೆ?"

ಆ ಕ್ಷಣದಲ್ಲಿ ಸುಬ್ಬಕೃಷ್ಣರ ಸಂಶಯ ಹಿಡಿದ ದಾರಿಯನ್ನು ಬಿಟ್ಟು, ಇನ್ನೊಂದು ದಾರಿ ಹಿಡಿಯಿತು. ಇವನಿಗೆ ಬಣ್ಣ ಕಾಣದು. ಇವನ ಕೈ ಜಾಗವನ್ನು ನಂಬಿ ನಡೆಯುತ್ತದೆ. ಸೀಸೆಗಳನ್ನು ಬದಲಿಸಿದವನಿಗೆ ಈ ಗುಟ್ಟು ಗೊತ್ತಿರಲೇಬೇಕು. ಇಲ್ಲದಿದ್ದರೆ ಹಸಿರು ಹಸಿರೇ, ಕೆಂಪು ಕೆಂಪೇ. ಯಾವ ಕಾಂಪೌಂಡರ್ ಮೋಸ ಹೋಗುತ್ತಾನೆ?

"ಇದು ಹೇಗೆ ಬರುತ್ತೆ ಡಾಕ್ಟರೇ?"

"ತಾಯಿಯಿಂದ. ತಾಯಿಗೆ ಬಣ್ಣ ಚೆನ್ನಾಗೇ ಕಾಣುತ್ತೆ. ಗಂಡುಮಕ್ಕಳಲ್ಲಿ ದೋಷ ಹೊರಬೀಳುತ್ತೆ. ಹೆಣ್ಣುಮಕ್ಕಳು ಸುಮ್ಮನೆ ಹೊತ್ಕೊಂಡು ಮುಂದಕ್ಕೆ ಕೊಡಬಹುದು. ಇವರಿಗೆ ಅಕ್ಕತಂಗಿಯರಿದ್ದರೆ, ಅವರ ಗಂಡುಮಕ್ಕಳನ್ನೂ ನೋಡಬೇಕು. ಮದ್ದು ಮಾತ್ರ ಇಲ್ಲ."

ಸುಬ್ಬಕೃಷ್ಣರು ನರಸಯ್ಯನ ಕಡೆ ತಿರುಗಿದರು.

"ನಿಮ್ಮಕ್ಕನ ಮಗನ ಕಣ್ಣಿಗೆ ಏನಾಗಿದೆ?"

ನರಸಯ್ಯ ನೆಲ ನೋಡುತ್ತ ಹೇಳಿದ. "ರೈಲ್ವೆಯವರು ಬೇಡ ಅಂದ್ರು. ಬಣ್ಣ ತಿಳಿಯಲ್ಲ ಅಂತ."

"ನಿಮ್ಮದು ಯಾರಿಗೆ ಗೊತ್ತು?"

"ಅಕ್ಕನಿಗೊಬ್ಬಳಿಗೆ. ಚಿಕ್ಕವನಾಗಿದ್ದಾಗ ಹಣ್ಣು ಮೆಣಸಿನಕಾಯಿ ಬಿಡಿಸೋಕೆ ಕಳಿಸಿದ್ರೆ ಹಸಿಕಾಯಿ ಕಿತ್ಕೊಂಡು ಬರ್ತಿದ್ದೆ. ಅಪ್ಪ ಹೊಡೀತಾರೆ ಅಂತ ಅಕ್ಕ ದಾರೀಲೇ ನಿಂತು ಬದಲಾಯಿಸಿ ಕೊಡ್ತಿದ್ಳು."

"ಆ ಅಕ್ಕನ ಮಗನಿಗೇ ಕಣ್ಣು ಸರಿಯಿಲ್ಲ ಅಂದಿರಿ."

"ಭಾವ ಬಂದದ್ದು ಹೇಳಿದ್ರೆ ಕಣ್ಣಿನ ಮಾತು ಹೊರಗೆ ಬರುತ್ತೆ ಅಂತ್ಲೇ ಮುಚ್ಚಿಟ್ಟೆ ಸ್ವಾಮಿ," ಎಂದ ನರಸಯ್ಯ. ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತುತ್ತಲೇ ಇದ್ದ.

ನವೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಇನ್‌ಸ್ಪೆಕ್ಟರು ಬೀರಯ್ಯನೊಡನೆ ಕುಣಿಗಲ್ಲಿಗೆ ಬಸ್ಸಿನಲ್ಲಿ ಬಂದಿಳಿದರು. ಠಾಣೆಗೆ ತಿಳಿಸಿ, ಕೆರೆಯ ಏರಿಯ ಕೆಳಗಿನ ಬೀದಿಯಲ್ಲಿ ರಾಮಾಂಜಿನಯ್ಯನ ಮನೆಯನ್ನು ಹುಡುಕಿದರು. ಬೀದಿಯ ಕಡೆ ಬಳೆ ಅಂಗಡಿ, ಹಿಂದೆ ವಾಸ. ಗಾಜಿನ ಬಳೆಗಳ ಸರಗಳು ಗೂಟಗೂಟಕ್ಕೂ ತೂಗುತ್ತಿದ್ದವು. ರಾಮಾಂಜಿನಯ್ಯ ಖಾಕಿ ಬಟ್ಟೆ ಕಂಡು ಎದ್ದು ನಿಂತ. ಒಳಬಾಗಿಲಿನ ಕಡೆ ತಿರುಗಿ ಮಗನಿಗೆ ಏನನ್ನೋ ಮೆಲ್ಲಗೆ ಹೇಳಿ, ನಗುಮುಖ ತಂದುಕೊಂಡ.

"ಬನ್ನಿ ಸ್ವಾಮಿ, ಬನ್ನಿ. ಸಿದ್ದಲಕ್ಷ್ಮಿ, ಕಾಫಿ ತಾರೇ."

"ಕಾಫಿ ಬೇಡ. ಸಂತೆ ದಿನ ಗುಬ್ಬಿಗೆ ಹೋಗಿದ್ದಿರಾ?"

"ವ್ಯಾಪಾರಕ್ಕೆ ಹೋಗಿದ್ದೆ."

"ಆಸ್ಪತ್ರೆಗೆ?"

"ಬಾಮೈದನ್ನ ಮಾತಾಡ್ಸಿ ಬಂದೆ. ತಪ್ಪಾ?"

"ಅವರು ಊಟಕ್ಕೆ ಹೋದಮೇಲೆ ನೀವೇನು ಮಾಡಿದಿರಿ?"

"ಎದ್ದು ಬಂದೆ."

"ಕಪಾಟು ಮುಟ್ಟಿದಿರಾ?"

"ನಾನ್ಯಾಕೆ ಮುಟ್ಟಲಿ ಸ್ವಾಮಿ? ನನಗೇನು ಔಷಧಿ ಕೊಡೋಕ್ ಬರುತ್ತಾ?"

ಅವನ ಬಲಗೈ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡಿದ್ದವು. ಕೈ ಬಿಡಿಸಿ ಎಂದಾಗ ಬಿಡಿಸಿದ. ತೊಳೆದು ತಿಕ್ಕಿದ ಕೈ. ಉಗುರಿನ ಸಂದಿಯಲ್ಲಿ ಮಾತ್ರ ಕಡುಹಸಿರಿನ ಗೆರೆ ಉಳಿದಿತ್ತು.

"ಇದೇನು?"

"ಬಳೆ ಬಣ್ಣ ಇರಬೇಕು."

"ಗಾಜಿನ ಬಳೆ ಬಣ್ಣ ಬಿಡುತ್ತಾ ರಾಮಾಂಜಿನಯ್ಯ?" ಎಂದ ಬೀರಯ್ಯ. "ಹಂಗಾರೆ ನನ್ ಹೆಂಡ್ತಿಗೆ ನಿಮ್ಮಂಗಡೀಲಿ ತರಾಕಿಲ್ಲ ಬುಡಿ."

ಅಷ್ಟರಲ್ಲಿ ಹಿತ್ತಲಿನಿಂದ ಬಟ್ಟೆ ಸುಟ್ಟ ಕಮಟು ವಾಸನೆ ಬಂತು. ಸುಬ್ಬಕೃಷ್ಣರು ಹೇಳಿಸಿಕೊಳ್ಳದೆ ಒಳನಡೆದರು. ಬಚ್ಚಲೊಲೆಯ ಮುಂದೆ ರಾಮಾಂಜಿನಯ್ಯನ ಮಗ ಚಿಕ್ಕಹನುಮಯ್ಯ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಇಪ್ಪತ್ತರ ಯುವಕ. ಕೈಯಲ್ಲಿ ಕಟ್ಟಿಗೆ, ಒಲೆಯೊಳಗೆ ಬೂದಿಯಾಗುತ್ತಿದ್ದ ಹೆಗಲವಸ್ತ್ರ.

"ಏನು ಸುಡ್ತಾ ಇದೀಯಪ್ಪ?"

"ಅಪ್ಪನ ವಲ್ಲಿ ಸ್ವಾಮಿ. ಕಲೆಯಾಗಿರೋದನ್ನ ಸುಟ್ಟಾಕು ಅಂದ್ರು."

ರಾಮಾಂಜಿನಯ್ಯ ಹಿಂದೆಯೇ ಬಂದಿದ್ದ. ಅವನ ಮುಖದಲ್ಲಿ ಒಂದು ಗಳಿಗೆ ನೆಮ್ಮದಿ ಸುಳಿಯಿತು. ಆಮೇಲೆ ಅವನ ಕಣ್ಣು ಗೋಡೆಯ ಗೂಟದ ಕಡೆ ಹೋಯಿತು, ಅಲ್ಲೇ ನಿಂತಿತು.

ಗೂಟದ ಮೇಲೆ ಇನ್ನೊಂದು ವಲ್ಲಿ ತೂಗುತ್ತಿತ್ತು. ಅದರ ಒಂದು ತುದಿಯಲ್ಲಿ, ಒಗೆದರೂ ಹೋಗದೆ, ಅಂಗೈಯಗಲದ ಹಸಿರು ಕಲೆ.

"ಅಯ್ಯೋ, ಇದಲ್ವೇನೋ," ಎಂದಳು ಬಾಗಿಲಲ್ಲಿ ನಿಂತಿದ್ದ ನರಸಯ್ಯನ ಅಕ್ಕ ಸಿದ್ದಲಕ್ಷ್ಮಮ್ಮ, ಏನಾಯಿತೆಂದು ತಿಳಿಯದೆ ಗೂಟದ ಕಡೆ ಕೈ ತೋರಿ. "ಎಲೆಯಡಿಕೆ ಕಲೆಯಾಗಿದ್ದುದನ್ನ ಸುಟ್ಟೆಯಲ್ಲೋ. ಅದು ನಾಲ್ಕು ದಿನ ಬರ್ತಿತ್ತು."

ಹುಡುಗ ಗೂಟದ ಕಡೆ ನೋಡಿದ, ಒಲೆಯ ಕಡೆ ನೋಡಿದ.

"ಎರಡೂ ಒಂದೇ ಥರ ಕಲೆ ಕಣಮ್ಮ. ಯಾವುದು ಅಂತ ಅಪ್ಪ ಹೇಳಲಿಲ್ಲ."

ಆ ಹುಡುಗನಿಗೆ ಎಲೆಯಡಿಕೆಯ ಕೆಂಪಿಗೂ ಔಷಧದ ಹಸಿರಿಗೂ ಭೇದ ತಿಳಿಯದೆಂಬುದು ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ರಾಮಾಂಜಿನಯ್ಯ. ಹೆದರಿದ ಗಳಿಗೆಯಲ್ಲಿ ಅದನ್ನೇ ಮರೆತಿದ್ದ. ಅವನು ಬಚ್ಚಲ ಕಟ್ಟೆಯ ಮೇಲೆ ಕುಸಿದು ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಇವನಿಗೇನೂ ಗೊತ್ತಿಲ್ಲ ಸ್ವಾಮಿ. ಇವನ್ನ ಬಿಟ್ಟುಬಿಡಿ. ಸೀಸೆ ಬದಲಾಯಿಸಿದೋನು ನಾನು."

ಪಂಚರನ್ನು ಕರೆಸಿ, ವಲ್ಲಿಯನ್ನು ವಶಪಡಿಸಿಕೊಂಡು, ಹನ್ನೊಂದೂವರೆಗೆ ರಾಮಾಂಜಿನಯ್ಯನನ್ನು ದಸ್ತಗಿರಿ ಮಾಡಿದರು. ಬಸ್ಸು ನಿಲ್ಲುವ ಕಡೆಗೆ ನಡೆಯುವಾಗ ಅವನಾಗಿಯೇ ಮಾತಾಡಿದ.

"ನನ್ನ ಮಗ ಅಂಗಡೀಲಿ ಕೆಂಪು ಬಳೆ ಕೇಳಿದ್ರೆ ಹಸಿರು ಕೊಡ್ತಿದ್ದ. ಜನ ನಗೋರು. ರೈಲ್ವೆಯವರೂ ಬೇಡ ಅಂದ್ರು. ಹೋಗ್ಲಿ, ಸೋದರಮಾವನ ಮಗಳಾದ್ರೂ ಇದಾಳಲ್ಲ ಅಂತ ಹೋದೆ. ಕಣ್ಣಿಲ್ಲದವನಿಗೆ ಕೊಡಲ್ಲ ಅಂದ. ಯಾರು ಅಂದದ್ದು? ಆ ಕಣ್ಣು ನಮ್ಮನೆಗೆ ಬಂದದ್ದೇ ನನ್ನ ಹೆಂಡ್ತಿ ತವರಿಂದ, ಅವಳೇ ಹೇಳಿದ್ಲು ಸ್ವಾಮಿ! ಅದೇ ಕಣ್ಣಿಟ್ಕೊಂಡು ಕೋಟು ಹಾಕ್ಕೊಂಡು ಕೂತವ್ನೆ. ನಾಲ್ಕು ಜನರ ಮುಂದೆ ತಪ್ಪು ಮಾಡಲಿ, ಡಾಕ್ಟರು ಬೈಯಲಿ, ಇವನ ಬಂಡವಾಳವೂ ಬಯಲಾಗಲಿ ಅಂದ್ಕೊಂಡೆ. ಆ ಹಸಿರು ವಿಷ ಅಂತ ದೇವರಾಣೆಗೂ ಗೊತ್ತಿರಲಿಲ್ಲ."

ಪುಟ್ಟತಾಯಮ್ಮ ಬದುಕಿದಳು. ಹಲಗೆಯ ಹಸಿರು ಕಲೆ, ವಲ್ಲಿಯ ಕಲೆ, ಸೀಸೆಯ ದ್ರಾವಣ ಒಂದೇ ಎಂದು ಬೆಂಗಳೂರಿನ ಪ್ರಯೋಗಾಲಯದಿಂದ ವರದಿ ಬಂತು. ನ್ಯಾಯಾಲಯದಲ್ಲಿ ನರಸಯ್ಯ ಕಟಕಟೆ ಹತ್ತಿ, ಊರಿನವರೆಲ್ಲ ಕೇಳುವಂತೆ, ನನಗೆ ಕೆಂಪು ಹಸಿರು ತಿಳಿಯದು ಎಂದು ಹೇಳಿದ. ರಾಮಾಂಜಿನಯ್ಯನಿಗೆ ಶಿಕ್ಷೆಯಾಯಿತು. ನರಸಯ್ಯನಿಗೆ ಔಷಧ ಅಳೆಯುವ ಕೆಲಸ ಹೋಗಿ, ರೋಗಿಗಳ ಹೆಸರು ಬರೆಯುವ ಕೆಲಸ ಉಳಿಯಿತು. ತೀರ್ಪಾದ ದಿನ ಅವನು ಕುಣಿಗಲ್ಲಿಗೆ ಹೋಗಿ ಅಕ್ಕನ ಮನೆಯ ಜಗುಲಿಯ ಮೇಲೆ ಸಂಜೆಯವರೆಗೆ ಕುಳಿತಿದ್ದನಂತೆ. ಅವಳು ಬಾಗಿಲು ತೆರೆಯಲಿಲ್ಲ. ಕಡೆಗೆ ಹುಡುಗನೇ ಒಂದು ಚೊಂಬು ನೀರು ತಂದಿಟ್ಟು, ಮಾವನ ಪಕ್ಕದಲ್ಲಿ ಕುಳಿತನಂತೆ.

ಸುಬ್ಬಕೃಷ್ಣರು ಮಾತು ನಿಲ್ಲಿಸಿದರು. ಬೀದಿಯಲ್ಲಿ ದೀಪ ಹತ್ತಿತ್ತು.

"ಕೇಳುಸ್ಕೊಂಡೇನ್ಲಾ?" ಎಂದ ಬೀರಯ್ಯ. "ತಾಯಿ ಕಡೆಯಿಂದ ಬರೋದಂತೆ. ಹಂಗಂತ ಮನೆಗೋಗಿ ನಿಮ್ಮವ್ವನ್ನ ಏನಾರ ಅಂದೀಯ, ಹುಷಾರು."

ಬೀರಲಿಂಗ ತಂದೆಯ ಕಡೆ ನೋಡಲಿಲ್ಲ. ಬಂದಾಗಿನಿಂದ ಬಾಯಿ ಬಿಡದೆ ಕುಳಿತಿದ್ದವನು ಚಾಪೆಯ ಮೇಲೆ ಮುಂದಕ್ಕೆ ಸರಿದ.

"ನಂಗೂ ಒಂದು ಪುಟದಲ್ಲಿ ಐದು ಕಾಣಿಸ್ತು ಸ್ವಾಮಿ. ಹೇಳಿದ್ದಕ್ಕೆ ರೈಲ್ವೆಯವರು ತಲೆ ಆಡಿಸಿ ಬರ್ಕೊಂಡ್ರು, ಅಷ್ಟೇ." ಅವನು ಕೇಳಿದ: "ನಿಮಗೂ ಡಾಕ್ಟರಿಗೂ ನಮ್ಮಪ್ಪಂಗೂ ಕಾಣಲೇ ಇಲ್ವಾ? ಆ ಪುಟದ್ದು ಇನ್ನೊಂದ್ಸಲ ಹೇಳಿ."